ಹಿಂಜಿದ ಬೆಳಕು

ಸ್ಟುಡಿಯೋದಲ್ಲಿ ಎರಡು ಬಿಳಿ ಕೊಡೆ,
ಯಾರು ಬಂದು ಕೂತರೂ ಮುಖಕ್ಕೆ ಹಾಲು ಹೊಯ್ದಂತೆ.
ಮನೆಯಲ್ಲಿ ಒಂದೇ ಬಲ್ಬು,
ಅದನ್ನೂ ಅವ್ವ ಒಲೆಯ ಕಡೆ ಎಳೆದು ಕಟ್ಟಿಕೊಂಡಿದ್ದಾಳೆ.
ದಾವಣಗೆರೆಯ ಹಳೇಪೇಟೆ ಓಣಿಯಲ್ಲಿ ರಾತ್ರಿ ಎಂಟಾದರೆ
ವೋಲ್ಟೇಜು ಸುಸ್ತಾಗಿ ಗೋಡೆಗೆ ಒರಗುತ್ತದೆ.

ಹಳೆ ಕ್ಯಾಮೆರಾ ಕೊಡುತ್ತ ರುದ್ರಮುನಿ ಸರ್ ಅಂದಿದ್ದರು:
"ಐಎಸ್‌ಒ ಸಾವಿರದಾರುನೂರು ದಾಟಬ್ಯಾಡ ಮಾಬುನ್ನಿ,
ರವೆ ಉದುರ್ತತಿ."

ಮೊದಲು ಫ್ಲ್ಯಾಶ್ ಹಾಕಿದೆ.
ಸಿಡಿಲೆಂದು ಅಜ್ಜಿ ಸೆರಗು ಮುಖಕ್ಕೆಳೆದಳು.
ಗೋಡೆಯ ಬಿರುಕು, ಮೊಳೆಗೆ ಸಿಕ್ಕಿಸಿದ ಕರೆಂಟಿನ ಬಿಲ್ಲು,
ಒಣಗದ ಲಂಗ, ಎಲ್ಲ
ಕಳ್ಳರ ಹಾಗೆ ಒಮ್ಮೆಗೇ ಸಿಕ್ಕಿಬಿದ್ದವು.
ಕತ್ತಲೊಂದು ಬರಲಿಲ್ಲ ಫೋಟೋದಲ್ಲಿ.
ನಾವು ಉಣ್ಣುವುದು, ನಗುವುದು, ಮುನಿಯುವುದು ಅದರಲ್ಲೇ.

ಫ್ಲ್ಯಾಶ್ ಆರಿಸಿ ಸರ್ ಹೇಳಿದ ಅಂಕಿಗಿಟ್ಟೆ.
ಅಕ್ಕನ ದೊಡ್ಡ ಮಗ ಚಾಂದು ಹೊಗೆಯಾದ.
"ಅಲ್ಲಾಡಬ್ಯಾಡ್ರಿ" ಅಂದೆ.
ನಮ್ಮ ಮನೆಯಲ್ಲಿ ಅಲ್ಲಾಡದ್ದು
ಗೋಡೆಯ ಮೇಲಿನ ಹಿಂಜುವ ಬಿಲ್ಲೊಂದೇ,
ಅವತ್ತು ಅದೂ ಕೆಳಗಿಳಿದಿತ್ತು.

ಹನ್ನೆರಡು ವರ್ಷದಿಂದ ಅಪ್ಪ ಮಂಡಿಪೇಟೆಯಲ್ಲಿ
ಮಶೀನಿನ ಬಾಯಿಗೆ ಅರಳೆ ಉಣಿಸುವವನು.
ಅಕ್ಕನ ಎರಡನೇ ಕೂಸಿನ ತೊಟ್ಟಿಲ ಹಾಸಿಗೆಗೆ ಮಾತ್ರ
"ಮಶೀನಿಂದು ಬ್ಯಾಡ, ಎಳೇ ಮೈ ಅದು" ಎಂದು
ಧೂಳು ಕೊಡವಿದ, ಹೆದೆ ಬಿಗಿದ, ಕೊಡತಿ ಎತ್ತಿದ.
ಟೊಂಯ್.
ಅಜ್ಜಿ ಸೆರಗು ತೆಗೆದಳು.
ಟೊಂಯ್ ಟೊಂಯ್.
ಅರಳೆ ಎದ್ದಿತು, ಬಲ್ಬಿನ ತನಕ ಹೋಗಿ
ಏನೋ ಮರೆತವರ ಹಾಗೆ ಮೆಲ್ಲಗೆ ವಾಪಸು ಬಂತು.

ಗಾಲಿ ತಿರುಗಿಸಿದೆ.
ಮೂರು ಸಾವಿರದ ಇನ್ನೂರು, ಆರು ಸಾವಿರದ ನಾನೂರು,
ಹನ್ನೆರಡು ಸಾವಿರದ ಎಂಟುನೂರು:
ಹೆಜ್ಜೆಗೊಮ್ಮೆ ದುಪ್ಪಟ್ಟು, ಮೀಟರ್ ಬಡ್ಡಿಯವರ ಲೆಕ್ಕ.
ಅವ್ವನ ಕಿವಿಗೂ ಇಂಥದೊಂದು ಗಾಲಿ ಉಂಟು.
ಅಣ್ಣ ಅಕ್ಕಿ ಗಿರಣಿಯಿಂದ ಬರುವ ತನಕ
ಅದನ್ನು ತುದಿಗೇರಿಸಿ ಮಲಗುತ್ತಾಳೆ;
ಅವನ ಸೈಕಲ್ಲು ಓಣಿ ತಿರುಗಿದ್ದೂ ಕೇಳುತ್ತದೆ,
ಇಲ್ಲದ ಸೈಕಲ್ಲುಗಳೂ ಕೇಳುತ್ತವೆ.

ಒತ್ತಿದೆ. ಸೆಕೆಂಡಿನ ಅರವತ್ತನೇ ಪಾಲು.
ಕೊಡತಿ ಗಾಳಿಯಲ್ಲಿ ನಿಂತಿತು. ಚಾಂದುವಿಗೆ ಬೆರಳು ಬಂದವು.

ಮಾರನೆಯ ದಿನ ಸ್ಟುಡಿಯೋದ ಕಂಪ್ಯೂಟರಿನಲ್ಲಿ
ಗೋಡೆಯೆಲ್ಲ ಕಾಳು, ನೆಲವೆಲ್ಲ ಕಾಳು,
ಅಜ್ಜಿಯ ಗಲ್ಲದ ಕೆಳಗಿನ ಕತ್ತಲಲ್ಲೂ ಕಾಳು.
ಇದಕ್ಕೆ ನಾಯ್ಸ್ ಅನ್ನುತ್ತಾರೆ, ಗದ್ದಲ.
ಅಳಿಸಲು ಒಂದು ಗುಂಡಿ ಇದೆ.
ಮದುಮಕ್ಕಳ ಕೆನ್ನೆಗೆ ದಿನಾ ಅದನ್ನು ಎಳೆಯುವುದೇ
ನನ್ನ ಸಂಬಳ.

ಎಳೆದೆ.
ಕತ್ತಲು ಮೇಣವಾಯಿತು.
ಅಪ್ಪನ ಕೆನ್ನೆ ಬಳಸಿ ಸವೆದ ಸಾಬೂನು.
ಇನ್ನೊಂದಿಷ್ಟು ಎಳೆದಾಗ
ಹುಬ್ಬಿನ ಮೇಲಿನ ಅರಳೆಯೂ ಹೋಯಿತು.

ಅದು ಗದ್ದಲವಲ್ಲ.
ಜಗಳೂರಿನ ಯಾರದೋ ಹೊಲದಲ್ಲಿ ಒಡೆದ ಕಾಯಿ,
ಅಪ್ಪನ ಹುಬ್ಬಿಗೆ ನಲವತ್ತು ವರ್ಷದಿಂದ ವಿಳಾಸ ಗೊತ್ತಿರುವಂಥದು.
ಅರಳೆ ಎಲ್ಲಿ ಮುಗಿಯಿತು, ಕಾಳು ಎಲ್ಲಿ ಶುರುವಾಯಿತು
ಮಶೀನಿಗೆ ತಿಳಿಯಲಿಲ್ಲ.
ಹಿಗ್ಗಿಸಿ ಹಿಗ್ಗಿಸಿ ನೋಡಿದೆ,
ಪಿಂಜಾರರ ಮಗಳು, ನನಗೂ ತಿಳಿಯಲಿಲ್ಲ.
ಗುಂಡಿಯನ್ನು ಸೊನ್ನೆಗೆ ತಂದೆ.

"ಹೇಳಿದ್ದೆ, ರವೆ" ಅಂದರು ಸರ್,
ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.
ಪ್ರಿಂಟಿಗೆ ಹದಿನೈದು ರೂಪಾಯಿ
ಸಂಬಳದಲ್ಲಿ ಮುರಿದುಕೊಂಡರು.

ಅಪ್ಪ ಅದನ್ನು ಬಲ್ಬಿನ ಕೆಳಗೆ ಹಿಡಿದ.
ಓರೆ ಮಾಡಿದ, ದೂರ ಹಿಡಿದ, ಹತ್ತಿರ ತಂದ.
ಉಫ್ ಎಂದು ಊದಿದ.
ಇನ್ನೊಮ್ಮೆ, ಕೆನ್ನೆ ಉಬ್ಬಿಸಿ.
ಅಂಗಿಯ ತುದಿಯಿಂದ ಒರೆಸಿ ನೋಡಿ
"ಹೋಗವಲ್ದು" ಅಂದ.

ತೊಟ್ಟಿಲಲ್ಲಿ ಕೂಸು ಸೀನಿತು.