ಪಂಜ್ ದಂಡೆಯ ಪಂದ್ಯ

ನಮ್ಮ ದೇಶದಲ್ಲೊಂದು ಗುಡ್ಡವಿದೆ, ಹೆಸರು ಆಕಾಶಪರ್ವತ.
ಎತ್ತರ ನೂರ ನಲವತ್ತೇಳು ಮೀಟರು.
ಡೆನ್ಮಾರ್ಕಿನಲ್ಲಿ ಅಷ್ಟಕ್ಕೇ ಆಕಾಶ ಸಿಕ್ಕಿಬಿಡುತ್ತದೆ.
ಇದನ್ನು ಇಮೊಮ್‌ದೋದನಿಗೆ ಹೇಳಿದೆ.
ಅವನು ಜೀಪಿನ ಸ್ಟೀರಿಂಗ್ ಬಿಟ್ಟು ಎರಡೂ ಕೈ ತಟ್ಟಿ ನಕ್ಕ.
ಕೆಳಗೆ, ಬಹಳ ಕೆಳಗೆ, ನದಿ.
ಹಿಂದಿನ ಸೀಟಿನ ಐವರೂ ದೇವರನ್ನು ಕರೆದರು,
ನಂಬದವರೂ ಸೇರಿ.

ಎಸ್ಬ್ಯೆರ್ ಬಂದರಿನ ಹಳೇ ಹುಲಿಗಳು ನಾವು
(ಹೆಸರು ನಾವೇ ಇಟ್ಟುಕೊಂಡದ್ದು).
ಮೀನು ಹರಾಜಿನ ಪ್ರೇಬೆನ್, ಹಲ್ಲು ಕೀಳುವ ಥೋರ್ಕಿಲ್,
ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿದ ಐನಾರ್,
ಎಲ್ಲಕ್ಕೂ ರಸೀದಿ ಕೇಳುವ ಖಜಾಂಚಿ ವೌನ್,
ಗೋಲಿನಲ್ಲಿ ನಾನು, ಐವತ್ತೊಂದರ ಅಂಚೆಯವನು.
ಇಲ್ಲಿಗ್ಯಾಕೆ ಬಂದಿರಿ, ಎಂದ ಚೆಕ್‌ಪೋಸ್ಟಿನ ಸಿಪಾಯಿ.
ಥೋರ್ಕಿಲ್ ಚೆಂಡು ತೋರಿಸಿದ.
ಸಿಪಾಯಿ ಅದನ್ನು ಅಲುಗಿಸಿದ, ಮೂಸಿದ,
ಇದಕ್ಕೆ ಪಾಸ್‌ಪೋರ್ಟ್ ಎಲ್ಲಿ, ಎಂದ.

ಮೂರು ದಿನದ ದಾರಿ.
ಒಂದು ಸೇತುವೆಯ ಹಲಗೆ ಎಣಿಸಿದೆ: ಹತ್ತಿರಬೇಕಾದಲ್ಲಿ ಆರು.
ಜೀಪು ಮೊದಲು ದಾಟಿತು. ನಾವು ಹಿಂದೆ,
ದಿಬ್ಬಣಕ್ಕೆ ತಡವಾಗಿ ಬಂದ ನೆಂಟರ ಹಾಗೆ.

ರಾತ್ರಿ, ಐದು ಕಂಬದ ಮನೆ. ಚಾವಣಿಯ ಕಿಂಡಿಯಲ್ಲಿ
ಒಂದು ಹಿಡಿ ನಕ್ಷತ್ರ.
ಉಪ್ಪು ಹಾಕಿದ ಚಹಾ, ಅದರೊಳಗೆ ಬೆಣ್ಣೆ, ಅದರೊಳಗೆ ಮುರಿದ ರೊಟ್ಟಿ.
ಪ್ರೇಬೆನ್ ಮೂರು ಬಟ್ಟಲು ಮುಗಿಸಿ
ಸೂಪು ಚೆನ್ನಾಗಿತ್ತು, ಇನ್ನು ಚಹಾ ಬರಲಿ ಎಂದ.
ಅಜ್ಜಿ ಸಬ್ಜಾಗುಲ್ ಐನಾರನ ಮೊಣಕಾಲಿಗೆ
ಜರ್ದಾಳು ಬೀಜದ ಎಣ್ಣೆ ತಿಕ್ಕಿದಳು, ಬೈಯುತ್ತ.
ಆ ಬೈಗುಳಕ್ಕೆ ದುಭಾಷಿ ಬೇಕಾಗಲಿಲ್ಲ.

ಮೈದಾನವೆಂದರೆ ಬಾರ್ಲಿ ಕೊಯ್ದ ಹೊಲ.
ಒಂದು ಬದಿಗೆ ಕಲ್ಲಿನ ಗೋಡೆ, ಇನ್ನೊಂದಕ್ಕೆ ಪಂಜ್.
ನೀರಿನಾಚೆ ಅಫ್ಘಾನಿಸ್ತಾನ:
ಅಲ್ಲೂ ಬಾರ್ಲಿ, ಅಲ್ಲೂ ಕತ್ತೆ,
ಬಂಡೆಯ ಮೇಲೆ ಸಾಲಾಗಿ ಕೂತ ಹುಡುಗರು.

ಹತ್ತೇ ನಿಮಿಷ. ಥೋರ್ಕಿಲ್ ಅಂಗಾತ ಬಿದ್ದು ಮೋಡ ನೋಡುತ್ತಿದ್ದ.
ಎದೆ ತಿದಿಯಾಗಿತ್ತು, ಒಲೆಯಲ್ಲಿ ಕೆಂಡವಿರಲಿಲ್ಲ.
ಅವರ ನಾಯಕ ಕಿಮತ್‌ಶೋ, ಗಣಿತದ ಮೇಷ್ಟ್ರು,
ರಬ್ಬರ್ ಬೂಟಿನಲ್ಲೇ ನಾಲ್ಕು ಹೊಡೆದ.
ಹೊಡೆದಾಗಲೆಲ್ಲ ಓಡಿ ಬಂದು ನನ್ನ ಕೈ ಕುಲುಕಿದ,
ತಪ್ಪು ಉತ್ತರ ಬರೆದರೂ ಅಕ್ಷರ ದುಂಡಗಿದೆ ಎನ್ನುವ ಹಾಗೆ.

ಏಳು–ಸೊನ್ನೆ. ಆಗ ನಾನು ಒದ್ದೆ.
ಸಮುದ್ರದ ದಪ್ಪ ಗಾಳಿಯಲ್ಲಿ ಮೂವತ್ತು ವರ್ಷ ಒದ್ದ ಕಾಲು,
ಅಳತೆ ತಪ್ಪಿತು.
ಚೆಂಡು ಏರಿತು, ಏರುತ್ತಲೇ ಹೋಯಿತು,
ಹೊಲ ದಾಟಿ, ಪಾಪ್ಲರ್ ಮರ ದಾಟಿ,
ನದಿ ದಾಟಿತು.

ರೆಫ್ರಿಯ ಬಾಯಲ್ಲಿ ಸೀಟಿ ಹಾಗೇ ಉಳಿಯಿತು.
ಆಚೆ ಹುಡುಗನೊಬ್ಬ ಚೆಂಡನ್ನು ಎದೆಗವಚಿಕೊಂಡು ನಿಂತಿದ್ದ,
ಕೊಡಬೇಕೋ ಓಡಬೇಕೋ ತಿಳಿಯದೆ.
ಮೂವತ್ತು ವರ್ಷ ಕಾಗದ ಹಂಚಿದ್ದೇನೆ.
ಯಾವುದೂ ಇಷ್ಟು ಬೇಗ ಗಡಿ ದಾಟಿದ್ದಿಲ್ಲ.

ಕಿಮತ್‌ಶೋ ಅಂಗೈ ಬಾಯಿಗಿಟ್ಟು ಕೂಗಿದ.
ಆ ದಡ ಅದೇ ಭಾಷೆಯಲ್ಲಿ ಉತ್ತರಿಸಿತು.
ಅದು ನನ್ನ ಚಿಕ್ಕಮ್ಮನ ಊರು, ಎಂದ.
ಒಮ್ಮೆಯೂ ಹೋಗಿಲ್ಲ. ಅವಳು ರೊಟ್ಟಿ ಸುಟ್ಟರೆ
ಹೊಗೆ ಮಾತ್ರ ಕಾಣುತ್ತದೆ.
ಏನಂತಾರೆ ಅವರು?
ಅರ್ಧ ಆಟ ಬಾಕಿಯಿದೆಯಲ್ಲ,
ಅದನ್ನು ತಾವು ಆಡಿ ಮುಗಿಸುತ್ತಾರಂತೆ.

ಹೀಗೆ ಉತ್ತರಾರ್ಧ ಆಚೆ ದಡದಲ್ಲಿ ನಡೆಯಿತು.
ನಾವೂ ಅವರೂ ಗೋಡೆಯ ಮೇಲೆ ಕಲಸಿ ಕೂತು ಕಿರುಚಿದೆವು,
ಯಾವ ತಂಡ ಯಾರದೆಂದು ಗೊತ್ತಿಲ್ಲದೆ.
ಐನಾರ್ ಎದ್ದು ಕುಣಿದ, ಪಟ್ಟಿ ಬಿಚ್ಚಿ ಬೀಸಿದ.
ವೌನ್ ಮಾತ್ರ ಪುಸ್ತಕ ತೆಗೆದು ಬರೆದುಕೊಂಡ:
ಚೆಂಡು ಒಂದು. ರಸೀದಿ ಇಲ್ಲ.

ಕತ್ತಲಾಯಿತು. ಹುಡುಗರು ಕಾಣಲಿಲ್ಲ, ಚೆಂಡೂ ಕಾಣಲಿಲ್ಲ.
ನಾವು ಏಳಲಿಲ್ಲ.
ಒದ್ದ ಸದ್ದು ನೀರು ದಾಟಿ ಬರುತ್ತಿತ್ತು,
ತುಸು ತಡವಾಗಿ.