ವಲ್ಲಿಯ ಕೆಳಗ

ನಮ್ಮಪ್ಪ ಹಾವೇರಿ ದನದ ಸಂತ್ಯಾಗ ದಲಾಲಿ.
ಬಾಯಿಲೆ ಒಂದು ದರ ಹೇಳಿದವನಲ್ಲ.
ಕೊಳ್ಳಾಂವಗೂ ಮಾರಾಂವಗೂ ನಡುವ ಒಂದು ವಲ್ಲಿ,
ವಲ್ಲಿ ಕೆಳಗ ಕೈಗೆ ಕೈ.
ಬೆರಳು ಹಿಚುಕಿದರ ಸಾವಿರ,
ನಡುಗೆಣ್ಣು ಮುಟ್ಟಿದರ ಅದರ ಅರ್ಧ.
ಮ್ಯಾಲ ಮಾರಿಗಳು ಮಾತ್ರ
ಮಳಿ ಬೆಳಿ ಮಾತಾಡಕೋತ ನಿಂತಿರತಿದ್ದವು.

ನನಗ ಆ ಕಸಬು ಹತ್ತಲಿಲ್ಲ.
ಹುಬ್ಬಳ್ಳಿ ದುರ್ಗದಬೈಲಿನ ಹಿಂದಿನ ಸಂದ್ಯಾಗ
ಜೆರಾಕ್ಸ್ ಮಶಿನ್ನಿನ ಬಿಸಿಗೆ ಬೆನ್ನು ಕೊಟ್ಟು
ಮಂದಿ ಅರ್ಜಿ ತುಂಬತೀನಿ. ಪುಟಕ್ಕ ಮೂವತ್ತು.

ಬಳಿ ಅಂಗಡಿ ಜೈತುನಬಿ ಬಂದು ಕುಂತಳು.
"ಫಕ್ಕೀರಣ್ಣ, ಕರಾಚಿಗೆ ಹೋಗಬೇಕು.
ತಂಗಿ ಮಗಳ ಲಗ್ನ."

ಅಪ್ಪನ ಹೆಸರು. ಅಪ್ಪನ ಅಪ್ಪನ ಹೆಸರು.
ಮೈಮ್ಯಾಲಿನ ಗುರುತು.
ಯಾವ ಬಾಗಿಲಿಂದ ಒಳಗ, ಯಾವ ಬಾಗಿಲಿಂದ ಹೊರಗ.
ಹಿಂದ ಎಂದರ ಫೌಜಿನಾಗ ಇದ್ದಿರೇನು?
"ಹೌದು, ಬಳಿ ಫೌಜು ಅಂತ ಬರಿ" ಅಂತ ನಕ್ಕಳು.
ನಾನು ಇಲ್ಲ ಅಂತ ಬರದೆ.

ಎರಡು ತಿಂಗಳಿಗೆ ಅರ್ಜಿ ತಿರುಗಿ ಬಂತು.
ಹುಟ್ಟಿದ ಊರು ಹುಬ್ಳಿ ಅಂತೈತಿ,
ಇರೂ ಊರು ಹುಬ್ಬಳ್ಳಿ ಅಂತೈತಿ,
ಇವು ಎರಡು ಊರೋ ಒಂದೋ, ಪುರಾವೆ ಹಚ್ಚರಿ.
ಆಕಿ ಆ ಕಾಗದ ತಿರುಗಿಸಿ ಮುರಗಿಸಿ ನೋಡಿದಳು.
"ಎರಡ ಬಿಡಪಾ.
ಆಕಿ ಬಿಟ್ಟು ಹೋದ ಊರು ಬ್ಯಾರೆ,
ನಾ ಬಳಿ ಮಾರೂ ಊರು ಬ್ಯಾರೆ."

ಬಾಜೂ ಚಾದ ಅಂಗಡಿ ಟಿವಿಯಾಗ ಅವತ್ತು
ಎರಡೂ ಸರ್ಕಾರದವರು ಎದರಾಬದರಾ ಕುಂತಿದ್ದರು.
ಸಣ್ಣ ಸಣ್ಣ ಧ್ವಜ, ಮುಚ್ಚಳ ತಗೀದ ನೀರಿನ ಬಾಟ್ಲಿ,
ಫೋಟೋಕ್ಕ ಬೇಕಾದಷ್ಟ ನಗು.
ಮಾತುಕತೆ ಸೌಹಾರ್ದಯುತವಾಗಿತ್ತು, ಅಂತ ಓದಿದಳು ಒಬ್ಬಾಕಿ.
ನನ್ನ ಕಣ್ಣು ಹೋದದ್ದು ಟೇಬಲ್ಲಿನ ಹಸಿರು ಬಟ್ಟಿ ಮ್ಯಾಲ:
ನೆಲಾ ಮುಟ್ಟೂತನಕ ಇಳಿಬಿಟ್ಟಿದ್ದರು.

ಅದರ ಕೆಳಗ ಏನ ನಡದಿತ್ತೋ.
ನೂರು ಯಾತ್ರಿಕರಿಗೆ ನಲವತ್ತು ಮೀನುಗಾರರು,
ನಿಮ್ಮ ಹಾಡುಗಾರಗ ಒಂದು ಊರು ಕೊಟ್ಟರ
ನಮ್ಮ ವ್ಯಾಪಾರಿಗೆ ಮೂರು,
ತಿಂಗಳಾ? ಅಲ್ಲ, ಹದಿನೈದು ದಿನ.
ಒಬ್ಬರ ಬೆರಳ ಮ್ಯಾಲ ಇನ್ನೊಬ್ಬರಿಗೆ ಸಂಶೆ,
ಉಂಗುರ ಐತೋ ಇಲ್ಲೋ ಅಂತ
ಕೈ ಬಿಟ್ಟ ಮ್ಯಾಲೂ ಎಣಿಸಿಕೋತಿರಬೇಕು.
ನಮ್ಮಪ್ಪ ಇದ್ದಿದ್ದರ ಅವರ ಭುಜಾ ನೋಡೇ
ಸೌದಾ ಮುರೀತು ಅಂದುಬಿಡತಿದ್ದ.

ಎತ್ತಿನ್ನ ಯಾರೂ ಕೇಳೂದಿಲ್ಲ.
ಹಲ್ಲು ಎಣಸತಾರ, ಬಾಲಾ ತಿರುವತಾರ,
ನಾಕು ಹೆಜ್ಜಿ ನಡಸಿ ನೋಡತಾರ.

ಮುರದ ಬಿತ್ತು. ಅವರು ಇಬ್ಬರು ಅಧಿಕಾರಿಗಳನ್ನ
ಹೊರಗ ಹಾಕಿದರು, ಇವರೂ ಇಬ್ಬರನ್ನ.
ಲೆಕ್ಕ ಚುಕ್ತಾ.
ಜೈತುನಬಿ ಆ ಲೆಕ್ಕದಾಗ ಎಲ್ಲೂ ಇರಲಿಲ್ಲ.

ಲಗ್ನ ಫೋನಿನಾಗ ಆತು.
ಮದುಮಗಳ ಮಾರಿ ನಡುನಡುವ ನಿಂತುಬಿಡತಿತ್ತಂತ,
ಬಾಯಿ ತಗದಿದ್ದು ತಗದಂಗ.

ಈ ವರ್ಷ ಮತ್ತ ಬಂದಾಳ.
ಆ ಹುಡಿಗಿ ಈಗ ಬಸರಿ,
ಹಸಿರು ಬಳಿ ಇಡಸಬೇಕು.
"ವಿಡಿಯೋದಾಗ ಕೈ ಕಾಣತೈತಿ ಫಕ್ಕೀರಣ್ಣ, ಅಳತಿ ಸಿಗೂದಿಲ್ಲ.
ಎರಡು-ನಾಕೋ, ಎರಡು-ಆರೋ,
ಹಿಡದ ನೋಡಬೇಕು.
ಗೆಣ್ಣು ಹೆಂಗ ಮಣೀತಾವ ಅಂತ
ಕಾಗದ ಹೇಳತೈತೇನು?"
ಅನಕೋತ ನನ್ನ ಬಲಗೈ ಹಿಡದು
ಹೆಬ್ಬೆರಳಿನ ಬುಡಾ ಒಮ್ಮೆ ಒತ್ತಿದಳು.
"ಎರಡು-ಹತ್ತು. ಟೈಪು ಮಾಡಿ ಮಾಡಿ ಬಿರಸ ಆಗ್ಯಾವ."
ವಲ್ಲಿ ಇಲ್ಲದ, ಬಯಲಾಗ, ಎಲ್ಲಾರ ಮುಂದ
ಒಂದು ಕೈ ಇನ್ನೊಂದನ್ನ ತಿಳಕೊಂಡದ್ದು
ನಾ ನೋಡಿದ್ದು ಅದ ಮೊದಲು.

ಭೇಟಿಯ ಉದ್ದೇಶ?
"ಕೈ ಹಿಡದು ನೋಡೂದು" ಅಂದಳು.
ಕುಟುಂಬ ಭೇಟಿ ಅಂತ ಬರದೆ.
ಹುಬ್ಳಿ ಮುಂದ ಗೀಟು ಹಾಕಿ ಹುಬ್ಬಳ್ಳಿ ಅಂತನೂ ಸೇರಿಸಿದೆ.

ಎರಡು ಪುಟ, ಅರವತ್ತು.
"ಐವತ್ತು ತೊಗೋ" ಅಂದಳು,
ಬಾಯಿಲೆ, ಚಾದ ಅಂಗಡಿತನಕ ಕೇಳೂಹಂಗ.