ಮೂರನೇ ಜೋಡಿ

ಬೆಳಗ್ಗೆ ಎಂಟಕ್ಕೇ ಬಂದ ರಾಜಾಬಕ್ಷಿ,
ನಾನಿನ್ನೂ ಶಟರಿನ ಬೀಗಕ್ಕೆ ಎಣ್ಣೆ ಬಿಡುತ್ತಿದ್ದೆ.
ಮಂಡಕ್ಕಿ ಭಟ್ಟಿಯಿಂದ ಇಲ್ಲಿತನಕ
ಗಾಡಿ ತಳ್ಳಿಕೊಂಡೇ ಬಂದಿದ್ದ.
ಹಿಂದಿನ ಗಾಲಿಯಲ್ಲಿ ಅದೇ ಸದ್ದು,
ಉಸುಕು ಸೋಸದ ಮಂಡಕ್ಕಿ ಅಗಿದ ಹಾಗೆ.
"ಮತ್ತೆ ಹೋಗೈತಿ ನೋಡಣ್ಣ" ಅಂದ. ಅಷ್ಟೇ.
ಬೈದಿದ್ದರೆ ಚೆನ್ನಾಗಿತ್ತು.

ಐದು ತಿಂಗಳಲ್ಲಿ ಮೂರನೇ ಜೋಡಿ ಬೇರಿಂಗು.
ಮೊದಲ ಸಲ, ವಯಸ್ಸಾಗಿತ್ತು ಬಿಡು, ಅಂದಿದ್ದೆ.
ಎರಡನೇ ಸಲ ಡಬ್ಬಿಯ ಅಕ್ಷರ ಉಜ್ಜಿ ನೋಡಿ
ಡೂಪ್ಲಿಕೇಟು ಮಾಲು ಅಂತ ಅಂಗಡಿಯವನನ್ನು ಬೈದಿದ್ದೆ.
ಈಗ ಬೈಯಲು ಯಾರೂ ಉಳಿದಿರಲಿಲ್ಲ.

ಲೋಡೇ? ಆರು ಚೀಲ ಕಟ್ಟಿಕೊಂಡು ಹೊರಟರೆ
ಎದುರಿನವರಿಗೆ ಗುಡ್ಡವೇ ಬಂದಂತೆ ಕಾಣುತ್ತದೆ,
ತೂಗಿದರೆ ಒಬ್ಬ ಮನುಷ್ಯನಷ್ಟೂ ಇಲ್ಲ.
ನೀರೇ? ನೀರು ಹೊಕ್ಕ ಗ್ರೀಸು ಮಜ್ಜಿಗೆಯಾಗಬೇಕು,
ಇದು ಸೀದ ಬೆಲ್ಲ.
ಚೈನು ಸರಿಯಾಗೇ ಸಡಿಲವಿತ್ತು.
ಆಕ್ಸಲನ್ನು ಹಳೇ ಕನ್ನಡಿಯ ಮೇಲೆ ಉರುಳಿಸಿದೆ,
ಕುಣಿಯದೆ, ನೆಟ್ಟಗೆ ಹೋಯಿತು.

"ಸತ್ತದ್ದನ್ನ ಎಸೀಬ್ಯಾಡಲೇ, ಕೇಳು" ಅನ್ನುತ್ತಿದ್ದ
ನನಗೆ ಸ್ಪ್ಯಾನರು ಹಿಡಿಸಿದ ಹಾಲೇಶಣ್ಣ.
ಹಳೆಯವೆಲ್ಲ ಡಾಲ್ಡಾ ಡಬ್ಬಿಯಲ್ಲಿದ್ದವು.
ಆರನ್ನೂ ಕೊರೆದು ಒಡೆದು, ಪೆಟ್ರೋಲಿನಲ್ಲಿ ತೊಳೆದು
ಪೇಪರಿನ ಮೇಲೆ ಹರವಿದೆ.
ಗುಂಡುಗಳು ಓಡಿದ ಹಾದಿ ಆಗ ಕಂಡಿತು.
ಮೊದಲ ಜೋಡಿಯಲ್ಲಿ ಹಾದಿ ನಟ್ಟನಡುವೆ.
ಆಮೇಲಿನ ನಾಲ್ಕರಲ್ಲೂ ಅಂಚಿಗೆ ಸರಿದಿತ್ತು,
ಎಡದ್ದು ಒಂದು ಕಡೆಗೆ, ಬಲದ್ದು ಅದರ ಎದುರಿಗೆ,
ಯಾರೋ ಎರಡೂ ಮಗ್ಗುಲಿಂದ ಹಿಂಡಿದ ಹಾಗೆ.

ಹಾಗಾದರೆ ನಡುವೆ ಇರಬೇಕಾದದ್ದು?
ಗಾಲಿಯ ಹೊಟ್ಟೆಯಿಂದ ಕೊಳವೆಯನ್ನು ಎಳೆದೆ.
ಗೇಣುದ್ದವೂ ಇಲ್ಲದ ಕಬ್ಬಿಣದ ತುಂಡು.
ಉರುಳುವುದಿಲ್ಲ, ಹೊಳೆಯುವುದಿಲ್ಲ,
ಬಿಲ್ಲಿನಲ್ಲಿ ಅದರ ಹೆಸರೂ ಬರುವುದಿಲ್ಲ.
ಎರಡು ಬೇರಿಂಗುಗಳ ನಡುವೆ ಸುಮ್ಮನೆ ನಿಂತು
ನಟ್ಟು ಬಿಗಿಯುವವನ ಜೋರನ್ನೆಲ್ಲ ತಾನೇ ತಿನ್ನುತ್ತದೆ.
ಇಷ್ಟು ದೂರ ಇರ್ರಪ್ಪ, ಅನ್ನುವುದೊಂದೇ ಅದರ ಕಸುಬು.

ಹುಡುಗ ಚಮನ್ ಹದಡಿ ರಸ್ತೆಗೆ ಓಡಿ ಹೊಸದು ತಂದ.
ಎರಡನ್ನೂ ಕನ್ನಡಿಯ ಮೇಲೆ ನಿಲ್ಲಿಸಿ
ಹೊಸದರ ತಲೆಯಿಂದ ಸ್ಕೇಲು ಚಾಚಿದೆ.
ಹಳೆಯದರ ತಲೆಗೂ ಸ್ಕೇಲಿಗೂ ನಡುವೆ
ಒಂದು ರೂಪಾಯಿ ಸಲೀಸಾಗಿ ತೂರಿತು.
"ಯಾವನೋ ಗ್ರೈಂಡರಿಗೆ ಹಿಡದಾನ ನೋಡಣ್ಣ"
ತುದಿಯ ಗೀರುಗಳಿಗೆ ಉಗುರಾಡಿಸುತ್ತ ಅಂದ.

ನೆನಪಾಯಿತು.
ಅವತ್ತು ಏಳು ಗಾಡಿ ಸಾಲಿನಲ್ಲಿದ್ದವು,
ಕರೆಂಟು ಹೋಗುವ ಹೊತ್ತು.
ಕೊಳವೆಯ ಬಾಯಿ ಮುರುಟಿತ್ತು.
ಹೊಸದಕ್ಕೆ ಯಾಕೆ ದುಡ್ಡು ಹಾಕ್ತಿ, ನೀಟು ಮಾಡ್ತೀನಿ, ಅಂದಿದ್ದೆ.
ಕಿಡಿ ಹಾರಿದ್ದು ಕೂಡ ನೆನಪಾಯಿತು.
ಬಡವನ ದುಡ್ಡು ಉಳಿಸಿದೆನೆಂದು
ಆ ರಾತ್ರಿ ಒಳ್ಳೆಯ ನಿದ್ದೆ.
ಮುಂದಿನ ಸಲ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ
ಇನ್ನೂ ಬಿಗಿದೆ, ಇನ್ನೂ ಕಾಳಜಿಯಿಂದ.

ಕಟ್ಟೆಯ ಮೇಲೆ ಮಿರ್ಚಿ ತಿನ್ನುತ್ತಿದ್ದವನಿಗೆ
"ನಾನೇ" ಅಂದೆ.
"ಏನು ನೀನೇ?"
"ಹೋದ ಸಲದ ದುಡ್ಡು ತಗೋ. ಇವತ್ತಿಂದು ಕೊಡಬ್ಯಾಡ."
ಅವನು ಕೊಳವೆಯನ್ನು ಕಣ್ಣಿಗೆ ಹಿಡಿದು
ಅದರೊಳಗಿಂದ ಪಿ.ಬಿ. ರಸ್ತೆಯನ್ನು ನೋಡಿದ.
"ಇಷ್ಟಕ್ಕೇ?"
ನೋಟುಗಳನ್ನು ಎರಡು ಸಲ ಎಣಿಸಿಕೊಂಡ.
ಪರವಾಗಿಲ್ಲ ಬಿಡಣ್ಣ, ಅನ್ನಲಿಲ್ಲ.
ಅಂದಿದ್ದರೆ ನನಗೆ ತಡೆಯುತ್ತಿರಲಿಲ್ಲ.

ಹೊಸ ಜೋಡಿಯನ್ನು ಹೊರ ರಿಂಗಿಗಷ್ಟೇ ತಟ್ಟಿ ಕೂರಿಸಿದೆವು.
ನಟ್ಟಿಗೆ ಬಂದಾಗ, ಪೈಪಿನತ್ತ ಹೋದ ಕೈ
ಅರ್ಧದಲ್ಲೇ ನಿಂತಿತು.
ಗಾಲಿ ಬಹಳ ಹೊತ್ತು ತಿರುಗಿತು,
ಕಿವಿಯಿಟ್ಟರೂ ಏನಿಲ್ಲ.

ಗಿಡ್ಡ ಕೊಳವೆ ಈಗ ಗ್ರೈಂಡರಿನ ಸ್ವಿಚ್ಚಿನ ಪಕ್ಕ
ಮೊಳೆಗೆ ನೇತಾಡುತ್ತದೆ.
ಕೆಲಸವಿಲ್ಲದ ಹೊತ್ತು ಚಮನ್ ಅದನ್ನು ಊದಿ ನೋಡುತ್ತಾನೆ.
ಇನ್ನೂ ನುಡಿದಿಲ್ಲ.